ಗೋಡೆಯ ಮೇಲಿನ ನಂಬರು

ಕೈಲಿದ್ದ ಸುಣ್ಣದ ಕುಂಚ ಒಂದೇ ಒಂದು ಸಲ ಅಡ್ಡಕ್ಕೆ ಹೋಯಿತು. ಗುಮಾಸ್ತನ ಗ್ರಹಚಾರ ಕೆಟ್ಟಿತು.

ಮನೆಯ ಹಣೆಬರಹವೆಲ್ಲ ಇದ್ದದ್ದು ಫೋನಿನ ಪಕ್ಕದ ಆ ಗೋಡೆಯ ಮೇಲೆ. ತೀರಿಕೊಂಡ ಅಪ್ಪ ದಾರ ಕಟ್ಟಿ ತೂಗುಹಾಕಿದ್ದ ಪೆನ್ಸಿಲ್, ಚಿಕ್ಕಂದಿನಲ್ಲಿ ಗುಮಾಸ್ತನ ಎತ್ತರ ಅಳೆದ ಗೀಟುಗಳು, ಯಾರೂ ಎತ್ತದ ಹಳೆಯ ನಂಬರುಗಳು. ಅವುಗಳ ನಡುವೆ ಅಮ್ಮ ಬರೆದುಕೊಂಡಿದ್ದ ಮೊಬೈಲ್ ನಂಬರಿನ ಹೊಟ್ಟೆ ಈಗ ಬೆಳ್ಳಗಾಗಿತ್ತು. ತಲೆ, ಬಾಲ ಮಾತ್ರ ಉಳಿದಿದ್ದವು.

“ಯಾರದ್ದಮ್ಮ ಅದು?”

“ಯಾರದ್ದಾದ್ರೆ ನಿನಗೇನೋ? ಸಂಜೆಯೊಳಗೆ ಹುಡುಕಿಕೊಡು. ಇಲ್ಲಾಂದ್ರೆ ನನ್ನ ಮಾತಾಡಿಸ್ಬೇಡ.”

ಅಮ್ಮ ಆಡಿದರೆ ಆಡಿದ್ದೇ. ಹಿಂದೊಮ್ಮೆ ಒಡೆದ ಹೂಜಿಗಾಗಿ ತಿಂಗಳುಗಟ್ಟಲೆ ಮಾತು ಬಿಟ್ಟಿದ್ದಳು.

ಗುಮಾಸ್ತ ಕೆಲಸ ಮಾಡುವ ನೀರು ಸರಬರಾಜು ಕಚೇರಿಯಲ್ಲಿ ಗುಟ್ಟು ನಿಲ್ಲುವುದು ತೂತು ಕೊಡದಲ್ಲಿ ನೀರು ನಿಂತಷ್ಟೇ ಹೊತ್ತು. ಕ್ಯಾಷಿಯರು ಊಟದ ಡಬ್ಬಿ ಹಿಡಿದೇ ಬಂದರು.

“ಅಮ್ಮ ನಿಮಗೆ ಹೆಣ್ಣು ನೋಡಿರ್ಬೇಕು ಸ್ವಾಮಿ! ಹೆಣ್ಣಿನವರ ನಂಬರನ್ನೇ ಅಳಿಸಿಬಿಟ್ರಲ್ಲ!”

ನಲವತ್ತರ ಬ್ರಹ್ಮಚಾರಿಗೆ ಬೆವರು ಕಿತ್ತುಕೊಂಡಿತು.

“ಗ್ರಾಹಕರ ಪಟ್ಟೀಲಿ ಹುಡುಕೋಣ,” ಎಂದರು ಕಂಪ್ಯೂಟರ್ ಮೇಡಂ. “ರೆಗ್ಯುಲರ್ ಎಕ್ಸ್‌ಪ್ರೆಷನ್ ಅಂದ್ರೆ ನಂಬರಿನ ಅಚ್ಚು ಇದ್ದಹಾಗೆ. ಗೊತ್ತಿರೋ ಅಂಕಿ ಹಾಗೇ, ಅಳಿಸಿದ್ದಕ್ಕೆ ಒಂದೊಂದು ಚುಕ್ಕಿ.”

ಅಚ್ಚು ಹಾಕಿದ್ದೇ ತಡ, ನಾಲ್ಕಾರು ಸಾಲು ಉದುರಿದವು. ಮೊದಲನೆಯದನ್ನು ಒತ್ತಿದರೆ ಹಲ್ಲಿನ ಡಾಕ್ಟರು! ರಾಂಗ್ ನಂಬರ್ ಎನ್ನಲು ನಾಚಿದ ಗುಮಾಸ್ತ ನಾಳೆ ದವಡೆಹಲ್ಲು ಕೀಳಿಸಿಕೊಳ್ಳಲು ಒಪ್ಪಿಬಿಟ್ಟ.

“ಅಯ್ಯೋ, ಇದು ಉದ್ದದ ಮೀಟರ್ ನಂಬರಿನೊಳಗಿಂದ ಹತ್ತಂಕಿ ಕಿತ್ಕೊಂಡು ಬಂದಿದೆ! ಶುರು ಇಲ್ಲಿ, ಕೊನೆ ಇಲ್ಲಿ ಅಂತ ಬೇಲಿ ಹಾಕ್ಬೇಕಿತ್ತು,” ಎಂದು ಮೇಡಂ ನಾಲಿಗೆ ಕಚ್ಚಿಕೊಂಡರು.

ಬೇಲಿ ಹಾಕಿದ ಮೇಲೆ ಉಳಿದದ್ದು ಒಂದೇ ಸಾಲು. ಎದುರಿಗಿದ್ದ ವಿಳಾಸ ಗುಮಾಸ್ತನ ಮನೆಯದೇ!

ಅವನಿಗೆ ತಟ್ಟನೆ ನೆನಪಾಯಿತು. ಮೊದಲ ಸಂಬಳದಲ್ಲಿ ಕೊಂಡ ಇಟ್ಟಿಗೆಯಂಥ ಫೋನು. ಅದರ ನಂಬರನ್ನು ಗೋಡೆಗೆ ಬರೆದ ಅಮ್ಮ, ಅಂಗಳದಲ್ಲಿ ನಿಂತ ಅವನಿಗೆ ಒಳಗಿನಿಂದಲೇ ಫೋನ್ ಮಾಡಿ “ಹಲೋ, ಯಾರು ಮಾತಾಡೋದು?” ಎಂದು ನಕ್ಕಿದ್ದಳು. ಆ ನಂಬರು ಬಿಟ್ಟು ಎಷ್ಟು ಕಾಲವಾಯಿತೋ.

“ಹಾಗಾದ್ರೆ ಅದು ಈಗ ಯಾರ ಹತ್ರ ಇದೆ?” ಎನ್ನುತ್ತ ಕ್ಯಾಷಿಯರು ಡಯಲ್ ಮಾಡಿ ಸ್ಪೀಕರ್ ಒತ್ತಿಯೇಬಿಟ್ಟರು.

ಹಿರಿಯ ಹೆಂಗಸಿನ ದನಿ. ಗುಮಾಸ್ತ ತೊದಲುತ್ತ ತಾನು ಯಾರ ಮಗನೆಂದು ಹೇಳಿದ.

“ಓಹೋ, ನೀವೇನಾ! ಮಗನ ನಂಬರು ಅಂದ್ಕೊಂಡು ನಿಮ್ಮಮ್ಮ ಒಂದಿನ ಮಾಡಿದ್ರು. ಆಮೇಲೆ ಮಗನ ಮೇಲೆ ದೂರು ಹೇಳೋಕೆ ದಿನಾ ಮಾಡ್ತಾರೆ, ಪಾಪ. ಒದ್ದೆ ಟವೆಲು ಮಂಚದ ಮೇಲೆ, ಎಂಜಲು ಲೋಟ ಕಿಟಕೀಲಿ... ಈಗ್ಲೂ ಕತ್ತಲಿಗೆ ಹೆದರ್ತೀರಂತೆ?”

ಮೇಡಂ ಫೈಲಿನ ಹಿಂದೆ ಮುಖ ಮುಚ್ಚಿಕೊಂಡರು.

“ಹಾಗಾದ್ರೆ... ಹೆಣ್ಣು...” ಎಂದ ಗುಮಾಸ್ತ.

“ನಿಮಗೊಂದು ಹೆಣ್ಣು ಹುಡುಕಿ ಅಂತಾನೂ ಹೇಳಿದ್ರು. ನಾಲ್ಕು ಕಡೆ ವಿಚಾರಿಸ್ದೆ ಕಣಪ್ಪ. ಆದ್ರೆ ಟವೆಲು ವಿಷಯ ಮುಚ್ಚಿಡೋಕೆ ನನಗೆ ಬರಲ್ಲ.”

ಸಂಜೆ ಗುಮಾಸ್ತ ಅಪ್ಪನ ಪೆನ್ಸಿಲಿನಿಂದ ಬಿಳಿ ಗೋಡೆಯ ಮೇಲೆ ತನ್ನ ಹಳೆಯ ನಂಬರನ್ನು ತಾನೇ ದೊಡ್ಡದಾಗಿ ಬರೆದ. ಅಮ್ಮ ಕಣ್ಣು ಕಿರಿದು ಮಾಡಿ ನೋಡಿ, ಒಂದೊಂದೇ ಅಂಕಿ ಒತ್ತಿದಳು.

“ಹೂಂ ಕಣ್ರೀ, ಸಿಕ್ತು. ಅಲ್ಲ, ಇವತ್ತು ಗೋಡೇನೂ ಹಾಳು ಮಾಡಿದ, ಕೇಳಿ...”

ಗುಮಾಸ್ತ ದವಡೆ ಹಿಡಿದುಕೊಂಡು ಅಂಗಳಕ್ಕೆ ಹೋಗಿ ನಿಂತ.