ಚಿಕ್ಕಪ್ಪನ ತಲೆಕೆಳಗಾದ ಸಿನಿಮಾ

ಭಾನುವಾರ, ಮಧ್ಯಾಹ್ನ ಎರಡೂವರೆ. ತಿಪಟೂರಿನ ಟಾಕೀಸಿನಲ್ಲಿ ಹಾಜರಿದ್ದವರು ನನ್ನ ಚಿಕ್ಕಪ್ಪ, ಚಿಕ್ಕಮ್ಮ ಮತ್ತು ನಾನು. ಎಪ್ಪತ್ತರ ದಶಕದ ಕೊನೆ. ಇಷ್ಟು ಕರಾರುವಾಕ್ಕಾಗಿ ಬರೆಯಲು ಕಾರಣವಿದೆ. ಚಿಕ್ಕಪ್ಪ ಒಂದು ಸಿನಿಮಾವನ್ನು ಮೊದಲಿನಿಂದ ನೋಡಲು ಕೂತದ್ದು ಇಪ್ಪತ್ತು ವರ್ಷಗಳಲ್ಲಿ ಅದೇ ಮೊದಲು!

ಹಾಗಂತ ಅವರು ಸಿನಿಮಾ ನೋಡದವರೇ? ಹೊನ್ನವಳ್ಳಿ ಸೀಮೆಯಲ್ಲಿ ಅವರಷ್ಟು ನೋಡಿದವರು, ಅವರಷ್ಟು ಅತ್ತವರು ಇನ್ನೊಬ್ಬರಿರಲಿಲ್ಲ. ಅಳಿಸುವ ಚಿತ್ರ ಬಂದರೆ ಸಾಕು, ಅಟ್ಟದ ಕೊಬ್ಬರಿ ಇಳಿಸುವ ಕೆಲಸವನ್ನೂ ಮುಂದಕ್ಕೆ ಹಾಕಿ ಹೊರಡುತ್ತಿದ್ದರು. ಆದರೆ ಹಿಡಿಯುತ್ತಿದ್ದದ್ದು ನಾಲ್ಕು ಗಂಟೆಗೆ ತಿಪಟೂರು ಮುಟ್ಟುವ ಬಸ್ಸು. ಇಂಟರ್‌ವಲ್ ಮುಗಿಯುವ ಹೊತ್ತಿಗೆ ಒಳಗೆ! ಸಾವು ನೋವೆಲ್ಲ ನೋಡಿ, ಚಿಕ್ಕಮ್ಮನ ಸೆರಗಿನಲ್ಲೇ ಕಣ್ಣೊರೆಸಿಕೊಂಡು, ಮತ್ತೆ ಟಿಕೆಟ್ ಕೊಂಡು, ಮುಂದಿನ ಆಟದ ಮೊದಲರ್ಧ ನೋಡಿ ಕೊನೇ ಬಸ್ಸಿಗೆ ವಾಪಸ್ಸು.

“ಇದೇನು ಚಿಕ್ಕಪ್ಪ, ತಲೆಕೆಳಗು?” ಎಂದು ಕೇಳಿದ್ದೆ. ಗಂಟೆ ನೋಡಿ ಊಟಕ್ಕೇಳುವ ನಾನು ಇದನ್ನು ಹೇಗೆ ಸಹಿಸಲಿ?

“ಲೇ, ಸತ್ತೋರೆಲ್ಲ ಎದ್ದು ಬತ್ತಾರೆ ಕಣ್ಲಾ! ಹಾಡ್ತಾರೆ, ಮದ್ವೆ ಆಯ್ತಾರೆ. ನಿನ್ನಂಗೆ ಹೆಣ ನೋಡ್ಕೊಂಡು ಮನೆಗೋಗಾಕೆ ನಂಗೇನು ಗ್ರಹಚಾರ?”

ಮೊದಲರ್ಧದಲ್ಲಿ ಅವರ ಪಕ್ಕ ಕೂರುವುದು ಇನ್ನೊಂದು ಶಿಕ್ಷೆ. ನಾಯಕನ ತಂದೆ ನಗುತ್ತಾ ಬಂದರೆ ಇಡೀ ಸಾಲಿಗೆ ಕೇಳುವಂತೆ, “ನಗ್ಲಿ ಬುಡಿ ಪಾಪ, ಇನ್ನೊಂದು ಗಂಟೆ ಅಷ್ಟೇ!” ಎನ್ನುವರು. ಹಿಂದಿನವರು ಸುಮ್ಮನಿರುತ್ತಾರೆಯೇ? “ರೀ ಯಜಮಾನ್ರೇ, ಬಾಯಿಗೊಂದು ಕೊಬ್ರಿ ತುರುಕ್ಕೊಳ್ರೀ!”

ಆದರೂ ಯಾವ ಸಿನಿಮಾ ನೋಡಬಹುದು ಎಂದು ಊರವರು ಕೇಳುತ್ತಿದ್ದದ್ದು ಅವರನ್ನೇ. ಅವರ ಪರೀಕ್ಷೆ ಒಂದೇ: “ಯಾರು ಸಾಯ್ತಾರೆ ಅಂತ ಗೊತ್ತಿದ್ರೂ ಮೊದಲರ್ಧದಾಗೆ ನಗು ಬತ್ತದಾ? ಬಂದ್ರೆ ನೋಡು, ಬರ್ದಿದ್ರೆ ತೋಟಕ್ಕೋಗು.”

ಆ ಭಾನುವಾರ ಅವರನ್ನು ಹನ್ನೆರಡರ ಬಸ್ಸಿಗೆ ಹತ್ತಿಸಿದವನು ನಾನು. ಹತ್ತಿಸು ಎಂದು ಕೇಳಿಕೊಂಡವರು ಚಿಕ್ಕಮ್ಮ. “ಒಂದೇ ಒಂದು ಸಲ ಶುರುವಿಂದ ನೋಡ್ಬೇಕು ಕಣಪ್ಪ.”

ಮೊದಲರ್ಧ ಮುಗಿಯುವಾಗ ತೆರೆಯ ಮೇಲೆ ಒಂದು ಮಗುವಿಗೆ ಜ್ವರ ಏರಿತು. ದೀಪ ಹತ್ತಿದರೆ ಚಿಕ್ಕಪ್ಪ ಎದ್ದು ನಿಂತಿದ್ದಾರೆ, ಹಣೆಯೆಲ್ಲ ಬೆವರು.

“ಆ ಮಗು ಉಳೀತದಾ ಇಲ್ವಾ, ಕೇಳ್ಕೊಂಡು ಬಾರ್ಲಾ. ಇಲ್ದಿದ್ರೆ ನಾನು ಹೊಂಟೆ.”

ಗೇಟಿನವನನ್ನು ಕೇಳಿಕೊಂಡು ಬಂದೆ. ಬಾಯಿ ತೆರೆಯುವಷ್ಟರಲ್ಲಿ ಚಿಕ್ಕಮ್ಮ ನನ್ನ ಕೈ ಹಿಡಿದರು.

“ಹೇಳ್ಬೇಡ ಕಣಪ್ಪ.” ಆಮೇಲೆ ಗಂಡನ ಕಡೆ ತಿರುಗಿದರು. “ನಮ್ಮ ಮಗಳು ಜ್ವರದಾಗೆ ಮಲಗಿದ್ದಾಗ ಉಳಿಯಲ್ಲ ಅಂತ ಡಾಕ್ಟ್ರು ನಿಮಗೆ ಮೊದಲ್ನೇ ದಿನಾನೇ ಹೇಳಿದ್ರು. ಎಂಟು ದಿನ ನೀವೊಬ್ರೇ ಅಳು ನುಂಗ್ಕೊಂಡು ಅವಳನ್ನ ನಗಿಸಿದ್ರಿ. ನಾನೊಬ್ಳೇ ಆಸೆ ಇಟ್ಕೊಂಡು ಕೂತಿದ್ದೆ. ಇವತ್ತು ಇಬ್ರೂ ಒಟ್ಟಿಗೆ ಕೂರಾಣ, ಕೂತ್ಕೊಳ್ರೀ.”

ಇಪ್ಪತ್ತು ವರ್ಷದ ಹಿಂದೆ, ನಾಲ್ಕನೇ ವಯಸ್ಸಿಗೇ ತೀರಿಕೊಂಡ ಮಗಳು. ಅವಳ ವಿಷಯವನ್ನು ಅವರಿಬ್ಬರಲ್ಲಿ ಒಬ್ಬರೂ ಎತ್ತಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

ಚಿಕ್ಕಪ್ಪ ಕೂತರು. ಬೆಲ್ ಆಯಿತು, ಕತ್ತಲಾಯಿತು. ಈಗ ಮೂವರಲ್ಲಿ ಕೊನೆ ಗೊತ್ತಿದ್ದವನು ನಾನೊಬ್ಬನೇ. ಗೊತ್ತಿದ್ದೂ ಸುಮ್ಮನೆ ಕೂರುವುದು ಎಂಥ ಕೆಲಸ! ನನಗೆ ಒಂದೂಕಾಲು ಗಂಟೆಯೇ ಸಾಕಾಯಿತು. ಚಿಕ್ಕಪ್ಪ ಎಂಟು ದಿನ ಕೂತಿದ್ದರು.

ತೆರೆಯ ಮೇಲಿನ ಮಗು ಉಳಿಯಲಿಲ್ಲ. ಇಬ್ಬರೂ ಒಟ್ಟಿಗೇ ಅತ್ತರು. ಮುಂದಿನ ಆಟಕ್ಕೆ ಟಿಕೆಟ್ ಕೊಳ್ಳೋಣ ಎಂದು ಯಾರೂ ಅನ್ನಲಿಲ್ಲ.

ಏಳಕ್ಕೆ ಮನೆ ಸೇರಿದೆವು. ಚಿಕ್ಕಮ್ಮ ಎಮ್ಮೆ ಕರೆಯಲು ಕೂತರು, ಚಿಕ್ಕಪ್ಪ ಲಾಟೀನು ಹಿಡಿದು ನಿಂತರು.

“ಹುಟ್ಟಿದ ದಿನಾನೇ ಅಂದಿದ್ದೆ, ಮಗಳದು ನಿನ್ನ ಮೂಗು ಅಂತ.”

“ಸುಮ್ನಿರಿ, ನಿಮ್ದೇ ಮೂಗು!”

ಚೊಂಬು ತುಂಬಿದರೂ ಅವರ ಜಗಳ ಮುಗಿಯಲಿಲ್ಲ. ಕರುವನ್ನು ಎಳೆದು ಕಟ್ಟಿದವನು ನಾನು.