ನೇಸರಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ

ನಮ್ಮ ಮಾಮಾರ ಹತ್ತಿರ ನಲವತ್ತೊಂದು ವಿಮಾನಗಳಿವೆ. ಸುಳ್ಳಲ್ಲ, ಬೇಕಾದರೆ ಗಡಹಿಂಗ್ಲಜಕ್ಕೆ ಹೋಗಿ ಎಣಿಸಿಕೊಂಡು ಬನ್ನಿ! ನಿಲ್ಲಿಸಲು ಅಂಗಳದಲ್ಲಿ ಜಾಗವಿಲ್ಲ. ಅಲ್ಲಿ ಆಗಲೇ ಒಂದು ಎಮ್ಮೆ, ಒಂದು ಹಳೆಯ ಸ್ಕೂಟರು, ಎರಡು ನೀರಿನ ಪೀಪಾಯಿ ಇವೆ. ಹೀಗಾಗಿ ನಲವತ್ತೊಂದನ್ನೂ ಮೊಬೈಲಿನೊಳಗೆ ಇಟ್ಟುಕೊಂಡಿದ್ದಾರೆ.

ಅದೊಂದು ಆಟ. ವಿಮಾನ ನಿಲ್ದಾಣ ಕಟ್ಟಬೇಕು, ವಿಮಾನ ಇಳಿಸಬೇಕು, ಪ್ರವಾಸಿಗಳನ್ನು ಹತ್ತಿಸಬೇಕು, ಎಣ್ಣೆ ತುಂಬಿಸಿ ಮತ್ತೆ ಹಾರಿಸಬೇಕು. ನಿಲ್ದಾಣಕ್ಕೆ ಏನು ಬೇಕಾದರೂ ಹೆಸರಿಡಬಹುದು. ಬೇರೆಯವರಾಗಿದ್ದರೆ ಲಂಡನ್, ದುಬೈ ಎಂದು ಇಟ್ಟು ಮೆರೆಯುತ್ತಿದ್ದರು. ಮಾಮಾ ಇಟ್ಟದ್ದು ಗಡಹಿಂಗ್ಲಜ, ನೇಸರಿ, ಕೋವಾಡ, ಜಯಸಿಂಗಪುರ, ಇಚಲಕರಂಜಿ, ಎಲ್ಲ ನಮ್ಮ ಕೊಲ್ಲಾಪುರ ಸೀಮೆಯ ಊರುಗಳು. ಯಾಕೆಂದು ಕೇಳಿದೆ.

"ರಸ್ತಾ ಗೊತ್ತಿಲ್ಲದ ಊರಿಗೆ ಗಾಡಿ ಬಿಡಬಾರದೋ!" ಎಂದರು.

ಇಚಲಕರಂಜಿಯಲ್ಲಿ ನನ್ನದೊಂದು ಮಗ್ಗದ ಬಿಡಿಭಾಗಗಳ ಅಂಗಡಿ ಇದೆ. ಆ ನಿಲ್ದಾಣ ಕಟ್ಟಿದ್ದು ನನ್ನ ಮೇಲಿನ ಪ್ರೀತಿಗೆ. ಆದರೆ ದಿನಕ್ಕೆ ಎರಡೇ ವಿಮಾನ, ಅವೂ ಚಿಕ್ಕವು. ಕೋವಾಡಕ್ಕೆ ಮಾತ್ರ ಮುನ್ನೂರು ಸೀಟಿನದು! ನನಗೆ ಸಿಟ್ಟು ಬರದೆ ಇರುತ್ತದೆಯೇ? "ನಿಮ್ಮೂರಾಗ ಪ್ರವಾಸಿ ಎಲ್ಲಿ ಅದಾರೋ? ಮಗ್ಗ ಬಿಟ್ಟು ಯಾರು ಹೊರಗ ಬರ್ತಾರ?" ಎಂದು ನನ್ನ ಬಾಯಿ ಮುಚ್ಚಿಸಿದರು.

ಈ ಹುಚ್ಚು ಎಲ್ಲಿಂದ ಬಂತೆಂದು ತಿಳಿಯಬೇಕಾದರೆ ಮಾಮಾರ ನೌಕರಿ ತಿಳಿಯಬೇಕು. ಅವರು ಗಡಹಿಂಗ್ಲಜ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿದ್ದರು. ಕಿಟಕಿಯ ಹಿಂದೆ ಕುಳಿತು, ಯಾವ ಬಸ್ಸು ಯಾವಾಗ ಬಿಡಬೇಕೆಂದು ನೋಡಿ, ಮೈಕಿನಲ್ಲಿ ಕೂಗುವವರು. "ಪ್ರವಾಶಾಂನೀ ಲಕ್ಷ ದ್ಯಾವೇ" ಎಂದು ಮರಾಠಿಯಲ್ಲಿ ಶುರುಮಾಡಿದರೆಂದರೆ ಕಬ್ಬಿನ ಗಾಡಿಯ ಎತ್ತುಗಳೂ ಲಕ್ಷ್ಯ ಕೊಡುತ್ತಿದ್ದವು. ಅವರಿಗಿದ್ದದ್ದು ಒಬ್ಬನೇ ವೈರಿ: ಕಿಟಕಿಯಿಂದ ಟಾವೆಲ್ ಎಸೆದು ಸೀಟು ಹಿಡಿಯುವವನು. ನಮ್ಮ ಕಡೆ ಬಸ್ಸು ಇನ್ನೂ ನಿಲ್ಲುವ ಮೊದಲೇ ಟಾವೆಲು, ಟೋಪಿ, ಚೀಲ, ಒಮ್ಮೊಮ್ಮೆ ಮೂರು ವರ್ಷದ ಕೂಸು ಕೂಡ ಕಿಟಕಿಯೊಳಗೆ ಹೋಗಿಬಿಡುತ್ತದೆ. ಟಾವೆಲ್ ಬಿದ್ದ ಸೀಟು ಟಾವೆಲಿನವನದು. ಇದು ಕಾಯಿದೆಯಲ್ಲ, ಕಾಯಿದೆಗಿಂತ ದೊಡ್ಡದು! ಮಾಮಾ ಮಾತ್ರ ಮೈಕು ಹಿಡಿದು, "ಹಸಿರು ಟಾವೆಲಿನವ್ರೇ, ನಾಚಿಕಿ ಇರಲಿ. ಮುದುಕ್ರು ನಿಂತಾರ, ನಿಮ್ಮ ಟಾವೆಲ್ ಕುಂತೈತಿ!" ಎಂದು ಊರಿಗೆಲ್ಲ ಕೇಳುವಂತೆ ಬೈಯುತ್ತಿದ್ದರು.

ಅದೇ ಸ್ಟ್ಯಾಂಡಿನಿಂದ ದಿನವೂ ಮಾಮಿ ನೇಸರಿಗೆ ಹೋಗುತ್ತಿದ್ದರು. ಅಲ್ಲಿ ಶಾಲೆಯ ಮಾಸ್ತರಿಣಿ. ಇಪ್ಪತ್ತಾರು ವರ್ಷ ಹೋಗಿ ಬಂದರು. ಸೀಟು ಸಿಕ್ಕ ದಿನಗಳು ವರ್ಷದ ಹಬ್ಬಗಳಷ್ಟು ವಿರಳ. ಗಂಡ ಕಿಟಕಿಯ ಹಿಂದೆ ಕುಳಿತಿದ್ದರೂ ಒಂದು ದಿನ ಒಂದು ಸೀಟು ಹಿಡಿಸಿ ಕೊಟ್ಟವರಲ್ಲ. "ಕಂಟ್ರೋಲರ್ ಹೆಂಡ್ತಿ ಅಂತ ಜಾಗಾ ಕೊಟ್ರ ನಾಳಿ ನಾ ಯಾವ ಬಾಯಿಲೆ ಮಂದಿಗೆ ಬುದ್ಧಿ ಹೇಳ್ಲಿ?" ಎನ್ನುವರು. ಮಾಮಿ ಏನೂ ಅನ್ನುತ್ತಿರಲಿಲ್ಲ. ಮೊಣಕಾಲುಗಳು ಮಾತ್ರ ನಿವೃತ್ತಿಯ ಹೊತ್ತಿಗೆ ಎಲ್ಲವನ್ನೂ ಅಂದವು. ಈಗ ಬಸ್ಸಿನ ಮೆಟ್ಟಿಲು ಹತ್ತಿ ಅರ್ಧ ದಿನ ಕುಳಿತು ಹೋಗುವುದು ಅವರಿಂದಾಗದು.

ತೊಂದರೆ ಬಂದದ್ದು ಇಲ್ಲೇ. ಮಾಮಿಯ ಅಕ್ಕ ಇರುವುದು ಹೈದರಾಬಾದಿನಲ್ಲಿ. ಅವರಿಗೂ ಹಾಸಿಗೆ ಬಿಟ್ಟು ಏಳಲಾಗದು. ಅಕ್ಕ ತಂಗಿ ಮುಖ ನೋಡಿ ಆರು ವರ್ಷವಾಗಿತ್ತು. ದಿನವೂ ಫೋನಿನಲ್ಲಿ, "ಒಮ್ಮೆ ಬಾರವ್ವಾ, ನಿನ್ನ ಕೈಯಾಗಿನ ರೊಟ್ಟಿ ತಿನ್ನಬೇಕು" ಎಂದು ಅಕ್ಕ, "ಬರ್ತೀನಿ ತಡಿ" ಎಂದು ತಂಗಿ. ಕೊಲ್ಲಾಪುರದಿಂದ ವಿಮಾನವಿದೆ, ಒಂದು ತಾಸಿನ ಮಾತು ಎಂದು ನಾನು ಹೇಳಿದೆ. ಮಾಮಿ ಸುತಾರಾಂ ಒಪ್ಪಲಿಲ್ಲ. "ನಾ ನೆಲ ಬಿಟ್ಟು ಹೋಗಾಕಿ ಅಲ್ಲ" ಎಂದರು. ಅದಕ್ಕಿಂತ ಆಶ್ಚರ್ಯವೆಂದರೆ ಮಾಮಾ ಕೂಡ ತಲೆ ಅಲ್ಲಾಡಿಸಿದರು.

"ಜನ್ಮಾನ ಮಂದೀನ ಗಾಡಿ ಹತ್ತಿಸೇನಿ. ಯಾವ ಗಾಡಿ ಟಾಯರ್ ಹೆಂಗೈತಿ, ಯಾವ ಡ್ರೈವರ್ ನಿದ್ದಿಗೆಟ್ಟಾನ, ಎಲ್ಲಾ ಗೊತ್ತಿರ್ತಿತ್ತು. ಕಾರಭಾರ ಗೊತ್ತಿಲ್ಲದ ಗಾಡ್ಯಾಗ ನನ್ನ ಹೆಂಡ್ತೀನ ಹತ್ತಸೂದಿಲ್ಲ. ಮೊದಲ ನಾ ಕಲೀತೀನಿ" ಎಂದರು.

ಅರವತ್ತೊಂದನೆಯ ವಯಸ್ಸಿನಲ್ಲಿ ಎಲ್ಲಿ ಕಲಿಯುವುದು? ನಗೆಚಾಟಿಕೆಗೆಂದು ಅವರ ಮೊಬೈಲಿಗೆ ಈ ಆಟ ಹಾಕಿಕೊಟ್ಟೆ. ನನ್ನ ಕೈಯಾರೆ ಮಾಡಿಕೊಂಡ ತಪ್ಪು! ಮಾಮಾ ನಗಲಿಲ್ಲ. ಎರಡು ದಿನ ಆಡಿ, ಮೂರನೆಯ ದಿನ ಮಾಮಿಯ ಮುಂದೆ ನಿಂತು ಶಪಥ ಮಾಡಿದರು: "ಸಾವಿರ ಫೇರಿ. ಒಂದೂ ಲೇಟಾಗಬಾರದು, ಒಂದೂ ಕೆಡಬಾರದು. ಆ ದಿನ ನಿನ್ನ ಟಿಕೀಟು ತೆಗಸ್ತೀನಿ." ಫೇರಿ ಎಂದರೆ ಒಂದು ಸುತ್ತಿನ ಪ್ರಯಾಣ, ಬಸ್ ಸ್ಟ್ಯಾಂಡಿನ ಲೆಕ್ಕ. ಸಾವಿರ ಆಗುವುದಿಲ್ಲವೆಂಬ ಧೈರ್ಯದಲ್ಲಿ ಮಾಮಿ "ಹೂಂ" ಅಂದುಬಿಟ್ಟರು.

ಅಲ್ಲಿಂದ ಮನೆ ಮನೆಯಾಗಿ ಉಳಿಯಲಿಲ್ಲ. ಬೆಳಿಗ್ಗೆ ಸ್ನಾನ, ವಿಭೂತಿ, ಲಿಂಗಪೂಜೆ, ಆಮೇಲೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಡ್ಯೂಟಿ! ಪ್ರತಿ ವಿಮಾನಕ್ಕೂ ಬಾಯಲ್ಲೇ ಘೋಷಣೆ. ಬೇಗ ಎಣ್ಣೆ ತುಂಬಿಸಲು ಒಂದು ಜಾಹೀರಾತು ನೋಡಿ ಎಂದು ಆಟ ಆಸೆ ತೋರಿಸಿದರೆ, "ಹಿಂದಿನ ಬಾಗಲದಿಂದ ಎಣ್ಣಿ ಹಾಕ್ಸೂದು ನಮ್ಮ ರಕ್ತದಾಗ ಇಲ್ಲ" ಎಂದು ಮೊಬೈಲಿಗೇ ಗದರಿಸುವರು.

ಜಯಸಿಂಗಪುರದಲ್ಲಿ ನಮ್ಮ ಸಂಬಂಧಿಕರ ಮದುವೆ. ಸ್ವಾಮಿಗಳು ಮಂತ್ರ ಮುಗಿಸುತ್ತಿದ್ದರು, ಎಲ್ಲರ ಕೈಯಲ್ಲೂ ಅಕ್ಕಿಕಾಳು. ಮೂಲೆಯ ಕುರ್ಚಿಯಿಂದ ಆ ಬಸ್ ಸ್ಟ್ಯಾಂಡಿನ ಕಂಠ ಗರ್ಜಿಸಿತು: "ತಡೀರಿ, ತಡೀರಿ! ಕೋವಾಡದ್ದು ಇನ್ನೂ ಬಂದಿಲ್ಲ!" ಸ್ವಾಮಿಗಳು ಗಾಬರಿಯಾಗಿ ನಿಲ್ಲಿಸಿದರು. ಹುಡುಗಿಯ ತಂದೆ ಮಂಟಪದಿಂದ ಇಳಿದು ಬಾಗಿಲಿಗೆ ಓಡಿದರು. ಐದು ನಿಮಿಷ ಇಡೀ ಮದುವೆ ಕೋವಾಡದ ಬೀಗರಿಗಾಗಿ ಕಾಯಿತು. ಕೋವಾಡದಲ್ಲಿ ಯಾರಿಗೂ ಆಮಂತ್ರಣವೇ ಹೋಗಿರಲಿಲ್ಲ ಎಂಬುದು ಆಮೇಲೆ ತಿಳಿಯಿತು. ಅಷ್ಟರಲ್ಲಿ ಮುನ್ನೂರು ಸೀಟಿನದು ಸುರಕ್ಷಿತವಾಗಿ, ಹೊತ್ತಿಗೆ ಸರಿಯಾಗಿ ಇಳಿದಿತ್ತು.

ಮಾಮಿಯೂ ಕಡಿಮೆಯವರಲ್ಲ. ರೊಟ್ಟಿ ಬಡಿಯುತ್ತ ಒಂದು ಪ್ರಶ್ನೆ ಬಿಟ್ಟರು. "ಅಲ್ರಿ, ಬಸ್ಸು ಕೆಟ್ರ ಇಳದು ನೂಕತೀವಿ. ಮ್ಯಾಲೆ ಕೆಟ್ರ ಯಾರು ನೂಕೋರು?"

ಮಾಮಾ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಆಟದಲ್ಲಿ ದುರಸ್ತಿಯ ಶೆಡ್ಡು ಒಂದಿತ್ತು, ನಾಲ್ಕು ಮಾಡಿದರು. ಪ್ರತಿ ವಿಮಾನವನ್ನೂ ಹಾರುವ ಮೊದಲು ಅದರೊಳಗೆ ಕಳಿಸಿ, ಹಸಿರು ಗುರುತು ಬಂದ ಮೇಲೆಯೇ ಬಿಡತೊಡಗಿದರು. ಮೂರನೆಯ ದಿನ ಅಡುಗೆಮನೆಯ ಬಾಗಿಲಲ್ಲಿ ನಿಂತು, "ನೂಕೂ ಪಾಳಿ ಬರೂದಿಲ್ಲ. ಹಾರೂಕಿಂತ ಮೊದಲ ನೋಡಿರ್ತಾರ" ಎಂದು ಲಿಖಿತ ಉತ್ತರದಷ್ಟು ಗಂಭೀರವಾಗಿ ಹೇಳಿದರು.

ಆರುನೂರ ಹನ್ನೆರಡು ಫೇರಿ ಆಯಿತು. ಆ ಭಾನುವಾರ ನಾನೂ ಅಲ್ಲಿಯೇ ಇದ್ದೆ. ನೇಸರಿಯಿಂದ ವಿಮಾನ ಹೊರಡಲು ಆಟ ಗಂಟೆ ಬಾರಿಸಿತು. ಪರದೆಯ ಮೇಲೆ ಅಂಗಡಿಗಳ ಸಾಲಿನಿಂದ ಒಬ್ಬ ಮುದುಕಿ, ಕೈಯಲ್ಲಿ ಚೀಲ ಹಿಡಿದು ಕುಂಟುತ್ತ ಬರುತ್ತಿದ್ದಳು.

"ಒತ್ತರಿ ಮಾಮಾ! ಲೇಟಾಗತೈತಿ!" ಎಂದು ನಾನು ಕೂಗಿದೆ.

"ಮುದುಕಿ ಬರಾಕತ್ತಾಳೋ!"

"ಅದು ಬೊಂಬಿ ರೀ, ಮುದುಕಿ ಅಲ್ಲ!"

"ಬೊಂಬಿಗೆ ಕಾಲು ನೋಯೂದಿಲ್ಲೇನು?"

ಕಾದರು. ಮುದುಕಿ ಹತ್ತಿದಳು. ವಿಮಾನ ಲೇಟಾಯಿತು, ಕೆಂಪು ಗುರುತು ಬಿತ್ತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ! ಆಟದಲ್ಲಿ ಏನೂ ಅಳಿಸಿಹೋಗಲಿಲ್ಲ, ಮಾಮಾರ ಶಪಥದ ಲೆಕ್ಕ ಮಾತ್ರ ಸೊನ್ನೆಗೆ ಬಂತು. "ಯಾರು ನೋಡ್ಯಾರ? ಆರುನೂರ ಹದಿಮೂರು ಅನ್ರಿ" ಎಂದೆ. ನನ್ನನ್ನು ಒಮ್ಮೆ ನೋಡಿದರು. ಮತ್ತೆಂದೂ ನಾನು ಆ ಮಾತು ಆಡಲಿಲ್ಲ.

ಮರುದಿನದಿಂದ ಮೊದಲನೆಯ ಫೇರಿ. ಆದರೆ ಈ ಸಲ ಹಟದ ಜೊತೆ ಉಪಾಯವೂ ಇತ್ತು. ನೇಸರಿ ನಿಲ್ದಾಣದ ಅಂಗಡಿಗಳನ್ನೆಲ್ಲ ಕೆಡವಿ, ಕೂಡುವ ಬಾಕುಗಳನ್ನು, ಎಂದರೆ ಬೆಂಚುಗಳನ್ನು, ತಂದು ಬಾಗಿಲಿಗೆ ಹತ್ತಿಸಿ ಹಾಕಿಸಿದರು. ಪ್ರವಾಸಿಗಳಿಗೆ ಬೇಸರವಾಗಿದೆ, ಅಂಗಡಿ ಬೇಕಂತೆ ಎಂದು ಆಟ ದೂರಿತು. "ಊರಿಗೆ ಹೋಗೂ ಮಂದಿಗೆ ಅತ್ತರು ಯಾಕ? ಕುಂದರಾಕ ಜಾಗಾ, ಕುಡ್ಯಾಕ ನೀರು, ಸಾಕು" ಎಂದು ದೂರನ್ನು ತಳ್ಳಿಹಾಕಿದರು. ಮುದುಕಿಯರು ಈಗ ಎಲ್ಲರಿಗಿಂತ ಮೊದಲೇ ಹತ್ತುತ್ತಿದ್ದರು. ಏಳು ತಿಂಗಳು ಹಿಡಿಯಿತು. ಸಾವಿರನೆಯ ಫೇರಿ ನೇಸರಿಯಲ್ಲಿ ಇಳಿದಾಗ ಆಟದಲ್ಲಿ ಪಟಾಕಿ ಹಾರಿ, ಆ ನಿಲ್ದಾಣಕ್ಕೆ 'ಅಂತರರಾಷ್ಟ್ರೀಯ' ಎಂಬ ಪದವಿ ಬಂತು. ಮಾಮಾ ಮೊಬೈಲು ಕೆಳಗಿಟ್ಟು, "ಸೀರಿ ಇಸ್ತ್ರಿ ಮಾಡಿಸ್ಕೋ" ಎಂದರು.

ಮಾಮಿ ಮಾತಿಗೆ ತಪ್ಪುವವರಲ್ಲ. ಒಂದೇ ಕರಾರು ಹಾಕಿದರು: "ಅಲ್ಲಿ ಯಾರಿಗೂ ಬುದ್ಧಿ ಹೇಳಬಾರದು."

ಮಾಮಿಯ ಕಾಲಿನ ಸಲುವಾಗಿ ನಾನೂ ಜೊತೆಗೆ ಹೊರಟೆ. ಕೊಲ್ಲಾಪುರದ ವಿಮಾನ ನಿಲ್ದಾಣಕ್ಕೆ ನಾಲ್ಕು ತಾಸು ಮೊದಲೇ ಹೋಗಿ ಮುಟ್ಟಿದೆವು. ಮಾಮಾ ಬಾಕುಗಳಿಂದ ಬಾಗಿಲಿನವರೆಗೆ ಹೆಜ್ಜೆ ಎಣಿಸಿ, "ಅಡ್ಡಿ ಇಲ್ಲ" ಎಂದರು. ಘೋಷಣೆ ಮಾಡುವ ಹುಡುಗಿಯ ಹತ್ತಿರ ಮಾತ್ರ ಕರಾರು ಮುರಿದರು: "ಆವಾಜ ಚಲೋ ಐತವ್ವಾ. ಆದ್ರ ಊರಿನ ಹೆಸರು ಎರಡು ಸಲ ಹೇಳು. ವಯಸ್ಸಾದವ್ರಿಗೆ ಒಂದ ಸಲಕ್ಕ ಕೇಳೂದಿಲ್ಲ." ಅವಳಿಗೆ ಕನ್ನಡ ಬರುತ್ತಿರಲಿಲ್ಲ, ನಕ್ಕಳು. ಮಾಮಿ ಹಣೆ ಬಡಿದುಕೊಂಡರು.

ಚೀಟಿ ತೋರಿಸಿ ಹೊರಗೆ ಬಂದು, ವಿಮಾನದ ಕಡೆ ನಡೆಯತೊಡಗಿದೆವು. ಮಾಮಿ ನನ್ನ ತೋಳು ಹಿಡಿದು ಒಂದೊಂದೇ ಹೆಜ್ಜೆ. ತಿರುಗಿ ನೋಡಿದರೆ ಮಾಮಾ ಇಲ್ಲ! ಮುಂದೆ ನೋಡಿದೆ. ಅರವತ್ತೆರಡು ದಾಟಿದ ಮನುಷ್ಯ, ಧೋತರ ಎತ್ತಿ ಹಿಡಿದು, ಸಾಲನ್ನೆಲ್ಲ ಹಿಂದೆ ಹಾಕಿ, ವಿಮಾನದ ಮೆಟ್ಟಿಲು ಹತ್ತಿ ಓಡುತ್ತಿದ್ದಾರೆ. "ನೋಡಪ್ಪಾ, ಡ್ರೈವರಗ ಬುದ್ಧಿ ಹೇಳಾಕ ಹೋದ್ರು" ಎಂದು ಮಾಮಿ ಅಳುವ ಹಾಗಾದರು.

ನಾವು ಒಳಗೆ ಮುಟ್ಟಿದಾಗ ಮಾಮಾ ದಾರಿಯಲ್ಲಿ ಅಡ್ಡ ನಿಂತಿದ್ದರು. ಮೈಯೆಲ್ಲ ಬೆವರು. ಹಾದುಹೋಗುವ ಒಬ್ಬೊಬ್ಬರಿಗೂ ಕೈ ಅಡ್ಡ ಹಿಡಿದು, "ಜಾಗಾ ಹಿಡದೈತ್ರಿ, ಮಂದಿ ಬರೂದೈತಿ" ಎನ್ನುತ್ತಿದ್ದರು. ಅವರ ಪಕ್ಕದ ಕಿಟಕಿಯ ಸೀಟಿನ ಮೇಲೆ ಅವರ ಬಿಳಿಯ ಟಾವೆಲ್ ಬಿದ್ದಿತ್ತು.

ಆ ಸೀಟು ಮಾಮಿಯದೇ. ಚೀಟಿಯ ಮೇಲೆ ನಂಬರಿತ್ತು. ನಾನೇ ಮೂರು ಸಲ ಓದಿ ಹೇಳಿದ್ದೆ. ಅದು ಅವರಿಗೆ ಗೊತ್ತಿರಲಿಲ್ಲವೇ? ಸಾವಿರ ಫೇರಿ ಬಿಟ್ಟವರಿಗೆ?

ಮಾಮಿ ಟಾವೆಲ್ ನೋಡಿದರು, ಗಂಡನನ್ನು ನೋಡಿದರು. "ಇದೇನ್ರಿ ಇದು? ನೀವ ಹಾಕಿದ್ರಿ?" ಎಂದರು.

ಊರಿಗೆಲ್ಲ ಕೇಳುವ ಆ ಕಂಠ ನನಗೂ ಸರಿಯಾಗಿ ಕೇಳದಷ್ಟು ಸಣ್ಣದಾಗಿತ್ತು. "ಕುಂದ್ರು" ಎಂದರು ಮಾಮಾ. "ಇಪ್ಪತ್ತಾರು ವರ್ಷ ನಿಂತಿ."

ಮಾಮಿ ಕುಳಿತರು. ಟಾವೆಲನ್ನು ತೆಗೆದು ಮಡಚಿ, ತೊಡೆಯ ಮೇಲೆ ಇಟ್ಟುಕೊಂಡು, ಅದರ ಅಂಚಿನಿಂದಲೇ ಕಣ್ಣು ಒರೆಸಿಕೊಂಡರು. ಆಮೇಲೆ ಪಕ್ಕದ ಸೀಟನ್ನು ಅಂಗೈಯಿಂದ ತಟ್ಟಿ, "ನೀವೂ ಕುಂದರ್ರಿ. ಹಿಂದ ಮಂದಿ ನಿಂತಾರ" ಎಂದರು.