ನನ್ನ ಕೊರಳಿನ ತಾಳಿ

ಬೈಯುವವರಿಲ್ಲದ ಮನೆಯಲ್ಲಿ ಬದುಕುವುದೇ ಸುಖ ಎನ್ನುವವರು ಅಂಥ ಮನೆಯಲ್ಲಿ ಒಂದು ವಾರವೂ ಇದ್ದವರಲ್ಲ. ನಾನು ಇದ್ದೆ. ನನ್ನ ಹೆಂಡತಿ ಗಿರಿಜಾಗೆ ಕಳೆದ ವರ್ಷ ಲಕ್ವ ಹೊಡೆಯಿತು. ಕೈಕಾಲು, ಮಾತು ದೇವರ ದಯೆಯಿಂದ ಮರಳಿ ಬಂದವು. ಹೋಗದೆ ಉಳಿದದ್ದು ಸುಸ್ತು. ಅದೂ ಎಂಥ ಸುಸ್ತು! ತಲೆ ಬಾಚಿಕೊಂಡರೆ ಮಲಗಬೇಕು, ನಾಲ್ಕು ಮಾತಾಡಿದರೆ ಕಣ್ಣು ಮುಚ್ಚಬೇಕು. ನಾನು ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಎಸೆದರೂ "ಇರ್ಲಿ ಬಿಡ್ರಿ" ಅನ್ನುತ್ತಿದ್ದಳು. ಮದುವೆಯಾದಂದಿನಿಂದ ಕೇಳದ ಆ ಮಾತು ಕೇಳಿ ನನಗೆ ಭಯವೇ ಆಯಿತು. ಬೇಕೆಂದೇ ಹಾಲು ಉಕ್ಕಿಸಿ ನೋಡಿದೆ. ಅದಕ್ಕೂ ಬೈಗುಳ ಬರಲಿಲ್ಲ. ಒಲೆ ನಾನೇ ಒರೆಸಿದೆ.

ಕಂಟೋನ್ಮೆಂಟಿನ ನರರೋಗದ ಡಾಕ್ಟರಮ್ಮ ಮ್ಯಾಗ್ನೆಟ್ ಚಿಕಿತ್ಸೆಯ ಮಾತೆತ್ತಿದರು. ತಲೆಗೆ ತಾಗಿಸಿ ಒಂದು ತಂತಿಯ ಸುರುಳಿ ಹಿಡಿಯುತ್ತಾರಂತೆ, ಅದರ ಕಾಂತಶಕ್ತಿ ಮೆದುಳಿನ ಮಂಕಾದ ಭಾಗವನ್ನು ತಟ್ಟಿ ಎಬ್ಬಿಸುತ್ತದಂತೆ; ಕೊಯ್ಯುವುದಿಲ್ಲ, ಚುಚ್ಚುವುದಿಲ್ಲ. "ಈ ಸುಸ್ತಿಗೆ ಇದಿನ್ನೂ ಹೊಸದು. ಕೆಲವರಿಗೆ ಗುಣ ಕಾಣತೈತಿ, ಕೆಲವರಿಗೆ ಇಲ್ಲ. ಗ್ಯಾರಂಟಿ ಕೊಡಾಕ ಆಗಂಗಿಲ್ರಿ" ಎಂದರು. ಸಿರುಗುಪ್ಪದಲ್ಲಿ ಅಕ್ಕಿ ಮಿಲ್ಲು ನಡೆಸುವ ಗಿರಿಜಾಳ ತಮ್ಮ ಪಂಪಣ್ಣ ಫೋನಿನಲ್ಲೇ ತಗಾದೆ ತೆಗೆದ: "ನಮ್ಮ ಮಿಲ್ಲಿನಾಗೂ ಮ್ಯಾಗ್ನೆಟ್ ಐತಿ ಮಾವ. ಭತ್ತದಾಗಿನ ಮೊಳಿ ಹಿಡಿತೈತಿ. ಅಕ್ಕನ ತಲಿಯಾಗ ಏನ್ ಹಿಡಿತೈತಿ?" ನನಗೂ ಒಳಗೊಳಗೆ ಅಳುಕು. ಗಣಿ ಲಾರಿಗಳ ಕೆಂಧೂಳು ಕುಡಿದು ಬೆಳೆದ ಬಳ್ಳಾರಿಯವರು ನಾವು. ಮೈಯೊಳಗಿನ ಅದಿರಿಗೆ ಯಂತ್ರವೇ ಬಂದು ಅಂಟಿಕೊಂಡರೆ? ಈ ಸಂದೇಹವನ್ನು ಡಾಕ್ಟರಮ್ಮನ ಮುಂದಿಟ್ಟೆ. ಅವರು ಗಿರಿಜಾಳನ್ನು ಕನಿಕರದಿಂದ ನೋಡಿದರು.

ನಿಜವಾದ ತೊಡಕು ಬೇರೆಯೇ ಇತ್ತು. ತಲೆ, ಕುತ್ತಿಗೆಯ ಹತ್ತಿರ ಲೋಹ ಇರಬಾರದಂತೆ. ಚಿಕಿತ್ಸೆಯ ಮೊದಲ ದಿನ ಗಿರಿಜಾ ಓಲೆ, ಹೇರ್‌ಪಿನ್ನು ತೆಗೆದಳು. ಮನೆಯಿಂದ ತಂದಿದ್ದ ಅರಿಶಿನದ ದಾರ ಕಟ್ಟಿಕೊಂಡು ತಾಳಿಯನ್ನೂ ತೆಗೆದಳು. ಅದನ್ನು ಎಲ್ಲಿಡುವುದು? "ನನ್ನ ಕಿಸೇದಾಗ ಇರ್ಲಿ, ಕೊಡು" ಎಂದೆ. "ನಿಮ್ಮ ಕಿಸೇನಾ? ಛತ್ರಿ, ಕನ್ನಡಕ ಎಲ್ಲಾ ಕಳಕೊಂಡೋರು ನೀವು. ಬಗ್ರಿ ಇಲ್ಲೆ" ಎಂದು ಅದನ್ನು ನನ್ನ ಕೊರಳಿಗೇ ಹಾಕಿ, ಅಂಗಿಯೊಳಗೆ ಇಳಿಬಿಟ್ಟು, ಮೇಲಿನ ಗುಂಡಿ ಹಾಕಿದಳು. ಕುರುಗೋಡಿನ ಮದುವೆ ಚಪ್ಪರದಲ್ಲಿ ಇದೇ ತಾಳಿ ಕಟ್ಟುವಾಗ ನನ್ನ ಕೈ ನಡುಗಿ ಗಂಟೇ ಬಿದ್ದಿರಲಿಲ್ಲ. ಲಕ್ವ ಹೊಡೆದು ಎದ್ದ ಅವಳ ಕೈ ನಡುಗಲಿಲ್ಲ. ಆದರೆ ಅಷ್ಟಕ್ಕೇ ದಣಿದು ಕುರ್ಚಿಗೆ ಒರಗಿದಳು.

ವಾರಗಟ್ಟಲೆ ಇದೇ ನಡೆಯಿತು. ಒಳಗೆ ಯಂತ್ರ ಟಕಟಕ ಎನ್ನುತ್ತಿತ್ತು; ಹೊರಗೆ ನಾನು ಮುತ್ತೈದೆಯಂತೆ ಕುಳಿತಿರುತ್ತಿದ್ದೆ. ಗುಣ ಮಾತ್ರ ಕಾಣಲಿಲ್ಲ. ನನ್ನ ಗಿರಿಜಾ ಇನ್ನು ಹೀಗೇ ಉಳಿದುಬಿಡುತ್ತಾಳೇನೋ ಎಂದು ನಿಜಕ್ಕೂ ದುಃಖವಾಗುತ್ತಿತ್ತು. ಒಂದು ದಿನ ಹಸಿವಾಗಿ ಎದುರಿನ ಹೋಟೆಲಿಗೆ ಹೋಗಿ ಒಗ್ಗರಣೆ ಮಂಡಕ್ಕಿ, ಮಿರ್ಚಿ ಬಜ್ಜಿ ಹೇಳಿದೆ. ನಮ್ಮ ಬಿಸಿಲು ಗೊತ್ತಲ್ಲ. ಅಂಗಿಯ ಗುಂಡಿ ಬಿಚ್ಚಿ ಫ್ಯಾನಿನ ಕೆಳಗೆ ಕುಳಿತೆ. ತಿನ್ನುತ್ತಿದ್ದರೆ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವನು ಭಕ್ತಿಯಿಂದ "ಹರಕಿ ಏನ್ರಿ ಸರ?" ಎಂದು ಕೇಳಿದಾಗಲೇ ತಾಳಿ ಹೊರಗೆ ಜೋಲಾಡುತ್ತಿರುವುದು ಗೊತ್ತಾದದ್ದು. "ಹೂಂನಪಾ, ಹರಕಿನ" ಎಂದು, ಹರಕೆಯೆಂದ ಮೇಲೆ ಅದನ್ನು ಮುಚ್ಚಿಕೊಳ್ಳಲೂ ಆಗದೆ, ಎದ್ದು ಬಂದೆ.

ಗಿರಿಜಾ ಆಸ್ಪತ್ರೆಯ ಬಾಗಿಲಲ್ಲೇ ನಿಂತಿದ್ದಳು. ತಾಳಿ ನೋಡಿದಳು. ಕರಿಮಣಿಗೆ ಅಂಟಿದ್ದ ಮಿರ್ಚಿ ಹಿಟ್ಟು ನೋಡಿದಳು. "ಬುದ್ಧಿ ಐತೇನ್ರಿ ನಿಮಗ? ತಾಳಿ ಹಾಕ್ಕೊಂಡು ಮಿರ್ಚಿ ತಿನ್ನಾಕ ಹೋಗಿದ್ರಾ? ಎಣ್ಣಿ ಪದಾರ್ಥ ಬ್ಯಾಡ್ರಿ ಅಂತ ಎಷ್ಟು ಸಲ ಬಡಕೊಳ್ಳಲಿ?" ಆಟೋ ಹತ್ತಿದರೂ ನಿಲ್ಲಿಸಲಿಲ್ಲ. ಕಂಟೋನ್ಮೆಂಟಿನಲ್ಲಿ ಶುರುವಾದದ್ದು ಸತ್ಯನಾರಾಯಣಪೇಟೆಯ ನಮ್ಮ ಮನೆಯ ಮೆಟ್ಟಿಲವರೆಗೆ ಬಂತು. ಒದ್ದೆ ಟವೆಲು, ಉಕ್ಕಿದ ಹಾಲು, ಯಾವುದನ್ನೂ ಅವಳು ಮರೆತಿರಲಿಲ್ಲ. ನನಗೆ ಕಣ್ಣೀರು ಬಂತು. ಆಟೋದವನು ಬೈಗುಳಕ್ಕೇ ಅತ್ತೆನೆಂದು ತಿಳಿದು, ಚಿಲ್ಲರೆ ಕೊಡುವಾಗ ನನ್ನ ಭುಜ ತಟ್ಟಿದ.

ಮರುದಿನ ಡಾಕ್ಟರಮ್ಮ "ಸುಸ್ತು ಹೆಂಗೈತ್ರಿ?" ಎಂದರು. "ಇಲ್ಲಿಂದ ಸತ್ಯನಾರಾಯಣಪೇಟಿ ತನಕ ಬೈದಾಳ್ರಿ!" ಎಂದೆ. ಅವರು ನಕ್ಕು, ಎಲ್ಲ ಕೀರ್ತಿಯನ್ನೂ ಯಂತ್ರಕ್ಕೇ ಕೊಡಬೇಡಿ, ಇನ್ನೂ ನೋಡೋಣ ಎಂದರು. ಗಿರಿಜಾ ತಾಳಿಯನ್ನು ಕರವಸ್ತ್ರದಲ್ಲಿ ಗಂಟು ಕಟ್ಟಿ, "ಇವತ್ತು ಕಿಸೇದಾಗ ಇಟ್ಕೊಳ್ರಿ, ಮರ್ಯಾದಿನಾದ್ರೂ ಉಳೀತೈತಿ" ಎಂದಳು. ನಾನು ಒಪ್ಪಲಿಲ್ಲ, ಕೊರಳು ಬಗ್ಗಿಸಿಯೇ ನಿಂತೆ. ಅವಳು ತಾಳಿ ಹಾಕಿ ಒಳಗೆ ಹೋದ ಮೇಲೆ, ಅಂಗಿಯ ಮೇಲಿನ ಗುಂಡಿ ಬಿಚ್ಚಿಕೊಂಡು ಮಿರ್ಚಿ ಹೋಟೆಲಿನ ಕಡೆ ಹೊರಟೆ.